ಹಳೆ ಟಾಕೀಸಿನ ಎರಡು ಸಿನಿಮಾ: ಇವತ್ತು ಯಾವುದು?

ಬ್ರಿಟನ್ನಿನ ‘ದಿ ಸ್ಮಾಲೆಸ್ಟ್ ಶೋ ಆನ್ ಅರ್ತ್’ (1957), ಇಟಲಿಯ ‘ಸಿನಿಮಾ ಪ್ಯಾರಡೈಸೋ’ (1988). ಎರಡರಲ್ಲೂ ಮುಖ್ಯ ಪಾತ್ರ ಒಂದು ಹಳೇ ಟಾಕೀಸು.

ನಗಬೇಕು ಅನ್ನಿಸಿದ್ದರೆ ಮೊದಲನೆಯದೇ ಸರಿ. ಕಪ್ಪು-ಬಿಳುಪು, ಸುಮಾರು 80 ನಿಮಿಷ. ಒಂದು ಯುವ ಜೋಡಿಗೆ ಆಸ್ತಿಯಾಗಿ ಟಾಕೀಸು ಸಿಗುತ್ತದೆ. ಹೋಗಿ ನೋಡಿದರೆ ಅದು ಪಾಳುಬಿದ್ದ ‘ಬಿಜೂ’. ಪಕ್ಕದಲ್ಲಿ ರೈಲು ಹೋದರೆ ಕಟ್ಟಡವೇ ಗಡಗಡ ನಡುಗುತ್ತದೆ. ಎದುರಾಳಿ ಟಾಕೀಸು ‘ಗ್ರ್ಯಾಂಡ್’ನ ಮಾಲೀಕನಿಗೆ ಆ ಜಾಗ ಬೇಕು, ಆದರೆ ಕೊಡುವ ರೇಟು ತೀರಾ ಕಡಿಮೆ. ಸರಿ, ಟಾಕೀಸು ನಡೆಸುವ ನಾಟಕವಾಡಿ ಬೆಲೆ ಏರಿಸೋಣ ಅಂತ ಇವರ ಲೆಕ್ಕಾಚಾರ. ಮರುಭೂಮಿಯ ಸಿನಿಮಾ ಹಾಕಿ, ಒಳಗೆ ಸೆಕೆ ಜಾಸ್ತಿ ಮಾಡಿ ತಂಪು ತಿನಿಸು ಮಾರುವ ಕಿತಾಪತಿ ಬೇರೆ! ಆಪರೇಟರ್ ಪಾತ್ರ ಮಾಡಿದ ನಟ ಪೀಟರ್ ಸೆಲ್ಲರ್ಸ್‌ಗೆ ಆಗ ವಯಸ್ಸು 30ರ ಆಸುಪಾಸು. ಮುದುಕನ ವೇಷದಲ್ಲಿ ಗುರುತೇ ಸಿಗುವುದಿಲ್ಲ. ಟಿಕೆಟ್ ಕೊಡುವ ಮಾರ್ಗರೆಟ್ ರದರ್‌ಫೋರ್ಡ್ ನನಗೆ ಇನ್ನೂ ಇಷ್ಟ. ಕತೆ ತೆಳು, ನಿಜ. ಕೊನೆಯೂ ಸುಮ್ನೆ ಗಡಿಬಿಡಿಯಲ್ಲಿ ಮುಗಿಯುತ್ತದೆ.

‘ಪ್ಯಾರಡೈಸೋ’ ಅಳಿಸುವ ಸಿನಿಮಾ. ಸಿಸಿಲಿಯ ಹುಡುಗ, ಆಪರೇಟರ್ ಆಲ್ಫ್ರೆಡೋ, ಮೊರಿಕೋನೆ ಸಂಗೀತ. ಆಸ್ಕರ್ ಗೆದ್ದದ್ದು ಎರಡು ಗಂಟೆ ಚಿಲ್ಲರೆಯ ಆವೃತ್ತಿ. ಮೊದಲ ಸಲವಾದರೆ ಅದನ್ನೇ ನೋಡಿ. ಮೂರು ಗಂಟೆ ಹತ್ತಿರದ್ದು ಎಳೆದಂತೆ ಅನ್ನಿಸುತ್ತದೆ.

ಮನೆಮಂದಿಯೆಲ್ಲ ಒಟ್ಟಿಗೆ ಕೂತರೆ ನನ್ನ ವೋಟು ‘ಬಿಜೂ’ಗೆ. ಒಬ್ಬರೇ ಇದ್ದೀರಾ, ನಾಳೆ ರಜೆ ಅಲ್ವಾ? ‘ಪ್ಯಾರಡೈಸೋ’ ಹಾಕಿ.