ಜೋಗದ ದಾರಿಯೋ, ಉಂಚಳ್ಳಿಯ ದಾರಿಯೋ?

ಜಲಪಾತವೊಂದನ್ನೇ ನೋಡುವುದಾದರೆ ಮಳೆಗಾಲದ ನಡುವೆ ಜೋಗಕ್ಕೆ ಹೋಗಿ, ಬೇರೆ ಯೋಚನೆಯೇ ಬೇಡ. ಆದರೆ ನೀರು, ಹಳೆಯ ದೇವಸ್ಥಾನ, ಅಡಿಕೆ ಬೆಳೆಯುವವರ ಮನೆ ಈ ಮೂರೂ ಒಂದೇ ಪ್ರವಾಸದಲ್ಲಿ ಬೇಕೆನ್ನುವವರಿಗೆ ನಾನು ಉಂಚಳ್ಳಿ ಜಲಪಾತದ ದಾರಿಯನ್ನು ಹೇಳುತ್ತೇನೆ, ಅದೂ ದೀಪಾವಳಿ ಕಳೆದ ಮೇಲೆ. ಸಾಗರ, ಇಕ್ಕೇರಿ, ಜೋಗ ಒಂದು ದಾರಿ. ಶಿರಸಿ, ಬನವಾಸಿ, ಉಂಚಳ್ಳಿ ಇನ್ನೊಂದು. ಎರಡರಲ್ಲೂ ಮಳೆಗಾಲದಲ್ಲಿ ಒದ್ದೆಯಾಗಿ, ಚಳಿಗಾಲದಲ್ಲಿ ಆರಾಮವಾಗಿ ಓಡಾಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಶರಾವತಿ ಜೋಗದಲ್ಲಿ 253 ಮೀಟರ್ ಧುಮುಕುತ್ತಾಳೆ. ರಾಜ ನೆಟ್ಟಗೆ ಬೀಳುತ್ತದೆ, ರೋರರ್ ಬಂಡೆಗಳ ನಡುವೆ ಮೊರೆಯುತ್ತದೆ, ರಾಕೆಟ್ ಚಿಮ್ಮುತ್ತದೆ, ರಾಣಿ ಬಂಡೆಯ ಮೈಮೇಲೆ ಬಳುಕುತ್ತಾ ಇಳಿಯುತ್ತದೆ. ಭರ್ತಿ ಮಳೆಯಲ್ಲಿ ಈ ನಾಲ್ಕೂ ಕವಲುಗಳನ್ನು ಒಟ್ಟಿಗೆ ಕಂಡವರು ಉಂಚಳ್ಳಿಯನ್ನು ಅದಕ್ಕೆ ಸರಿಗಟ್ಟಲಾರರು, ನಾನೂ ಸರಿಗಟ್ಟುವುದಿಲ್ಲ. ಮಂಜು ಮುಸುಕಿ ಏನೂ ಕಾಣದಿದ್ದರೆ ಹಿಂತಿರುಗಬೇಡಿ. ಗಾಳಿ ಬೀಸಿದರೆ ಪರದೆ ತಾನಾಗಿ ಸರಿಯುತ್ತದೆ.

ಆದರೆ ಜೋಗದ ನೀರು ಈಗ ಮಳೆಯನ್ನಷ್ಟೇ ನಂಬಿಕೊಂಡಿಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಮೇಲೆ ನದಿಯನ್ನು ಹಿಡಿದಿಟ್ಟಿದೆ; ಆ ನೀರು ವಿದ್ಯುತ್ತಿಗೆ ಮೀಸಲು. ಅಡಿಕೆ ಕೊಯ್ಲಿನ ಹೊತ್ತಿಗೆ ಜೋಗದಲ್ಲಿ ಬಂಡೆಯೇ ಹೆಚ್ಚು, ನೀರು ಎಳೆಎಳೆ. ಇದಕ್ಕೆ ಬೇಸರಪಟ್ಟುಕೊಳ್ಳುವ ಪ್ರವಾಸಿಗರು ಹಿನ್ನೀರಿನ ಕಡೆಗೂ ಒಮ್ಮೆ ಹೋಗಿ ಬರಬೇಕೆಂದು ನನಗೆ ಅನಿಸುತ್ತದೆ. ಅಲ್ಲಿ ಮುಳುಗಿದ್ದು ಗದ್ದೆ, ತೋಟ, ಮನೆ. ಹಾಗೆ ಎದ್ದು ಹೋದ ಕುಟುಂಬಗಳು ಭೂಮಿಯ ಹಕ್ಕಿಗಾಗಿ ಇಷ್ಟು ದಶಕಗಳಾದರೂ ಹೋರಾಡುತ್ತಿವೆ.

ಉಂಚಳ್ಳಿಯಲ್ಲಿ ಬೀಳುವ ಅಘನಾಶಿನಿಗೆ ಅಣೆಕಟ್ಟಿಲ್ಲ. 116 ಮೀಟರ್ ಎತ್ತರ, ಜೋಗದ ಅರ್ಧಕ್ಕೂ ಕಡಿಮೆ. ಆದರೆ ಕಾಡಿನಲ್ಲಿ ಇಂಗಿದ ನೀರು ಮಳೆ ನಿಂತ ಮೇಲೂ ಹರಿದು ಬರುತ್ತಿರುತ್ತದೆ. ನವೆಂಬರಿನಲ್ಲಿ ನಾನು ಕಂಡಾಗಲೂ ಜಲಪಾತ ಮೈತುಂಬಿ ಬೀಳುತ್ತಿತ್ತು, ಮಂಜಿಲ್ಲದ್ದರಿಂದ ಬುಡದವರೆಗೂ ಕಾಣುತ್ತಿತ್ತು. ಮಳೆಗಾಲದಲ್ಲಿ ಇದೇ ದಾರಿಯಲ್ಲಿ ರಕ್ತ ಹೀರುವ ಉಂಬಳಗಳ (ಜಿಗಣೆಗಳ) ಕಾಟ. ಕಾಲಿಗೆ ಸುಣ್ಣವನ್ನೋ ಉಪ್ಪನ್ನೋ ಹಚ್ಚಿಕೊಳ್ಳದೆ ಇಳಿಯಬೇಡಿ. ಮೆಟ್ಟಿಲುಗಳು ಜಾರುತ್ತವೆ, ವಯಸ್ಸಾದವರಿಗೆ ಕಷ್ಟ. ಜೋಗದಲ್ಲಾದರೆ ಹೆಚ್ಚು ನಡೆಯದೆಯೇ ನೋಡಬಹುದು.

ದೇವಸ್ಥಾನಗಳ ವಿಷಯದಲ್ಲಿ ನನಗೆ ಇಕ್ಕೇರಿಯೇ ಮೇಲು. ಕದಂಬರ ಬನವಾಸಿ ಹೆಚ್ಚು ಹಳೆಯದು, ಮಧುಕೇಶ್ವರನ ಗುಡಿಯ ಕಲ್ಲಿನ ಮಂಚದ ಕೆತ್ತನೆ ಅಪೂರ್ವ. ಆದರೂ ಇಕ್ಕೇರಿಯಲ್ಲಿ ಕೆಳದಿಯ ನಾಯಕರು ಕಟ್ಟಿಸಿದ ಅಘೋರೇಶ್ವರ ಗುಡಿಯ ಗಾತ್ರ, ಎದುರಿನ ಮಂಟಪದ ದೊಡ್ಡ ನಂದಿ, ಸುತ್ತಲಿನ ಮೌನ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟವು.

ಇನ್ನು ತೋಟ. ಮಳೆಗಾಲದಲ್ಲಿ ಅಡಿಕೆ ಬೆಳೆಗಾರರ ಮನೆಗೆ ಹೋದರೆ ಅವರಿಗೂ ತೊಂದರೆ, ನಿಮಗೂ ನಿರಾಸೆ. ಮಳೆಗೆ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ಭಯದಲ್ಲಿ ಅವರು ಆಕಾಶ ನೋಡುತ್ತಿರುತ್ತಾರೆ; ತುಸು ಬಿಸಿಲು ಕಂಡರೆ ಸಾಕು, ಮೈಲುತುತ್ತ, ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಹೊಡೆಯಲು ಓಡುತ್ತಾರೆ. ಕೊಯ್ಲಿನ ಕಾಲವೇ ಬೇರೆ. ಅಡಿಕೆಯ ಕೊನೆ (ಗೊನೆ) ಕೊಯ್ಯುವ ಕೊನೆಗೌಡ ಒಂದು ಮರದ ತುದಿಯಲ್ಲಿ ಕುಳಿತು ಮೈಯನ್ನು ತೂಗಿ, ಪಕ್ಕದ ಮರವನ್ನು ಹಿಡಿದು ಅದಕ್ಕೆ ದಾಟುತ್ತಾನೆ. ಕೊಯ್ದ ಕೊನೆ ಹಗ್ಗದಗುಂಟ ಜಾರಿ ಕೆಳಗಿನವನ ಕೈ ಸೇರುತ್ತದೆ. ಈ ಕೌಶಲಕ್ಕೆ ಹೊಸಬರು ಸಿಗುತ್ತಿಲ್ಲವೆಂಬ ಚಿಂತೆಯನ್ನು ಎರಡೂ ಕಡೆ ಕೇಳಿದೆ.

ಸಾಗರದ ಕಡೆ ನಾನು ಹೋದಲ್ಲೆಲ್ಲ ಕೆಂಪಡಿಕೆಯ ಕೆಲಸ. ಹಸಿ ಅಡಿಕೆಯನ್ನು ರಾತ್ರಿಯವರೆಗೂ ಮೆಟ್ಟುಗತ್ತಿಯಲ್ಲಿ ಸುಲಿಯುತ್ತಾರೆ, ದೊಡ್ಡ ಹಂಡೆಯಲ್ಲಿ ಬೇಯಿಸುತ್ತಾರೆ. ನೋಡಲು ಅದೇ ಹೆಚ್ಚು ಸಂಭ್ರಮ. ಶಿರಸಿ ಸುತ್ತ ಚಾಲಿ ಹೆಚ್ಚು: ಹಣ್ಣಡಿಕೆಯನ್ನು ಅಂಗಳದಲ್ಲಿ ವಾರಗಟ್ಟಲೆ ಒಣಗಿಸುತ್ತಾರೆ, ನೋಡಲು ಅಷ್ಟೇನೂ ಇಲ್ಲ. ಹಾಗಿದ್ದೂ ನನಗೆ ಬೇಸಾಯ ಅರ್ಥವಾದದ್ದು ಶಿರಸಿಯ ಕಡೆಯೇ. ತೋಟದವರು ನಮ್ಮನ್ನು ಸೊಪ್ಪಿನ ಬೆಟ್ಟಕ್ಕೂ ಕರೆದೊಯ್ದರು. ಬ್ರಿಟಿಷರ ಕಾಲದಿಂದ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬಿಟ್ಟುಕೊಟ್ಟ ಕಾಡು ಅದು. ಅಲ್ಲಿನ ಸೊಪ್ಪು, ದರಕು (ಒಣಗಿದ ಎಲೆ) ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ ಅಡಿಕೆಯ ಬುಡ ಸೇರುತ್ತದೆ. ಆ ಬೆಟ್ಟ ಬೋಳಾದರೆ ತೋಟವೂ ಸೊರಗುತ್ತದೆ, ಕೆಳಗಿನ ಹಳ್ಳವೂ ಬತ್ತುತ್ತದೆ. ಇದನ್ನು ಕಂಡ ಮೇಲೆ ಉಂಚಳ್ಳಿಯ ನೀರನ್ನು ನಾನು ಬೇರೆಯೇ ಗೌರವದಿಂದ ನೋಡಿದೆ. ಮಧ್ಯಾಹ್ನದ ಊಟಕ್ಕೆ ತಂಬುಳಿ, ಅಪ್ಪೆಹುಳಿ ಇದ್ದವು. ಎರಡನ್ನೂ ಕೇಳಿ ಬಡಿಸಿಕೊಂಡೆ.

ಎಲ್ಲಿಗೆ ಹೋದರೂ ಮೊದಲೇ ಫೋನ್ ಮಾಡಿ ಒಪ್ಪಿಗೆ ಪಡೆಯಿರಿ, ಅಂಗಳದಲ್ಲಿ ಒಣಗುತ್ತಿರುವ ಅಡಿಕೆಯನ್ನು ತುಳಿಯಬೇಡಿ, ಕಾಳುಮೆಣಸು ಕೊಳ್ಳುವಾಗ ಚೌಕಾಸಿ ಬೇಡ. ಸ್ವಂತ ವಾಹನವಿಲ್ಲದವರು ಮಾತ್ರ ಜೋಗವನ್ನೇ ಆರಿಸಿಕೊಳ್ಳಿ: ತಾಳಗುಪ್ಪದವರೆಗೆ ರೈಲಿದೆ, ಮುಂದೆ ಬಸ್ಸಿದೆ. ಉಂಚಳ್ಳಿಗೆ ಹೆಗ್ಗರಣಿಯಿಂದ ಮುಂದಿನ ದಾರಿ ಕಿರಿದು. ಸಿದ್ದಾಪುರ ಅಥವಾ ಶಿರಸಿಯಲ್ಲೇ ಬಾಡಿಗೆ ವಾಹನ ಗೊತ್ತುಮಾಡಿಕೊಂಡು ಹೊರಡಿ.