ಗ್ಯಾಲಪಗೋಸ್‌ನಲ್ಲಿ ಒಂದು ಸೆಮಿಸ್ಟರ್: ಕಡಲೇ ಪ್ರಯೋಗಾಲಯ

ಈಕ್ವೆಡಾರ್‌ನ ಸಾನ್ ಫ್ರಾನ್ಸಿಸ್ಕೊ ಡಿ ಕಿಟೊ ವಿಶ್ವವಿದ್ಯಾಲಯದ ಒಂದು ಕ್ಯಾಂಪಸ್ ಗ್ಯಾಲಪಗೋಸ್ ದ್ವೀಪಸಮೂಹದ ಸಾನ್ ಕ್ರಿಸ್ಟೋಬಲ್ ದ್ವೀಪದಲ್ಲಿ, ಕಡಲಂಚಿನಲ್ಲೇ ಇದೆ. 1835ರಲ್ಲಿ ಡಾರ್ವಿನ್ ಮೊದಲು ಕಾಲಿಟ್ಟ ದ್ವೀಪ ಇದೇ. ವಿಕಾಸವಾದ ಓದಲು ಇದಕ್ಕಿಂತ ತಕ್ಕ ಜಾಗ ಸಿಗುವುದು ಕಷ್ಟ. ಇಲ್ಲಿನ ಮಾಕಿಂಗ್‌ಬರ್ಡ್ ಪ್ರಭೇದ ಬೇರಾವ ದ್ವೀಪದಲ್ಲೂ ಇಲ್ಲ. ದ್ವೀಪ ಬದಲಾದರೆ ಹಕ್ಕಿ ಏಕೆ ಬದಲಾಗುತ್ತದೆ ಎಂಬ ಪ್ರಶ್ನೆ ಕಣ್ಣೆದುರೇ ಹಾರಾಡುತ್ತದೆ.

ಕಡಲ ಪರಿಸರದ ಪಾಠವೇ ನಿಜವಾದ ಬಲ. ನೀರಿನಡಿ 50 ಮೀಟರ್ ಟೇಪ್ ಹಾಸಿ, ಅರ್ಧ ಮೀಟರ್ ಚೌಕಟ್ಟಿಟ್ಟು, ಒಳಗಿರುವ ಪಾಚಿ, ಕಡಲ ಅರ್ಚಿನ್ (ಮುಳ್ಳುಚೆಂಡಿನಂಥ ಜೀವಿ) ಎಣಿಸುವ ಕೆಲಸ ಕೇಳಲು ಸುಲಭ. ಅಲೆಯ ಸೆಳೆತಕ್ಕೆ ಟೇಪ್ ಬಿಲ್ಲಿನಂತೆ ಬಾಗಿದರೆ ಲೆಕ್ಕವೆಲ್ಲ ತಪ್ಪು. ಎರಡೂ ತುದಿಗೆ ಭಾರ ಕಟ್ಟಲೇಬೇಕು. ಎಣಿಸುವವರು ನಡುವೆ ಬದಲಾದರೂ ಅಂಕಿ ಹೊಂದುವುದಿಲ್ಲ. ಹಾಗಾಗಿ ಮೊದಲು ಇಬ್ಬರೂ ಒಂದೇ ಚೌಕಟ್ಟನ್ನು ಎಣಿಸಿ ತಾಳೆ ನೋಡಿ. ಬರೆಯಲು ಪ್ಲಾಸ್ಟಿಕ್ ಸ್ಲೇಟು, ಸೀಸದ ಕಡ್ಡಿ ಸಾಕು.

ಜೂನ್‌ನಿಂದ ನವೆಂಬರ್‌ವರೆಗೆ ನೀರು ತಣ್ಣಗೆ. ದ್ವೀಪ ಸಮಭಾಜಕ ವೃತ್ತದ ಬಳಿ ಇದೆ, ನೀರು ಬೆಚ್ಚಗಿರುತ್ತದೆ ಎಂದು ನಂಬಿ ತೆಳು ಈಜುಡುಪು ತಂದವರು ಬೇಗ ನಡುಗಿ ಮೇಲೇಳುತ್ತಾರೆ. 5 ಮಿಲಿಮೀಟರ್ ದಪ್ಪದ ವೆಟ್‌ಸೂಟ್ (ಮೈ ಬೆಚ್ಚಗಿಡುವ ರಬ್ಬರ್ ಈಜುಡುಪು) ಬೇಕು. ಶೂಗಳ ಮಣ್ಣು, ಬೀಜ ತೊಳೆದೇ ಹೊರಡಿ, ವಿಮಾನ ನಿಲ್ದಾಣದಲ್ಲಿ ತಪಾಸಣೆ ಇದೆ. ಪ್ರಾಣಿಗಳಿಂದ 2 ಮೀಟರ್ ದೂರ ಕಡ್ಡಾಯ. ಕಡಲಸಿಂಹ ತಾನೇ ಹತ್ತಿರ ಬಂದರೂ ಹಿಂದೆ ಸರಿಯಬೇಕಾದ್ದು ನಾವೇ.

ದ್ವೀಪಗಳ ನಡುವಿನ ವೇಗದ ದೋಣಿ ಸುಮಾರು 2 ಗಂಟೆ ಕುಲುಕುತ್ತದೆ. ವಾಂತಿ ತಡೆಯುವ ಮಾತ್ರೆ ಹೊರಡುವ ಮೊದಲೇ ನುಂಗಿ. ಸ್ವಲ್ಪ ಸ್ಪ್ಯಾನಿಷ್ ಕಲಿತು ಬಂದವರಿಗೆ ಮೀನುಗಾರರಿಂದಲೂ ಪಾಠ ಸಿಗುತ್ತದೆ.