ಲಕ್ಷದ್ವೀಪ: ಟ್ಯೂನಾ ಹೆಚ್ಚು ಹಿಡಿಯಬೇಕೇ, ಹವಳದಿಬ್ಬದ ಮೀನೇ?

ದೋಣಿ, ಬಲೆಗೆ ಹಣ ಹಾಕುವ ಮುನ್ನ ಸಹಕಾರ ಸಂಘಗಳು ಲೆಕ್ಕಹಾಕಬೇಕಾದದ್ದು ಮೀನಿನ ಬೆಲೆಯನ್ನಷ್ಟೇ ಅಲ್ಲ, ಅದು ಎಷ್ಟು ಬೇಗ ಮರುಹುಟ್ಟುತ್ತದೆ ಎಂಬುದನ್ನೂ.

ಸ್ಕಿಪ್‌ಜಾಕ್ ಟ್ಯೂನಾ ಬೇಗ ಬೆಳೆದು ಮರಿ ಮಾಡುತ್ತದೆ. ಗಳುಗಾಳದಿಂದ (ಉದ್ದ ಕೋಲಿಗೆ ಕಟ್ಟಿದ ಗಾಳ) ಒಂದೊಂದನ್ನೇ ಎತ್ತುವುದರಿಂದ ಬೇಡದ ಜೀವಿಗಳು ಸಾಯುವುದು ತೀರಾ ಕಡಿಮೆ. ಆದರೆ ಇದರ ಬೇರು ಲಗೂನಿನಲ್ಲಿದೆ (ಹವಳದಿಬ್ಬದ ಒಳಗಿನ ಆಳವಿಲ್ಲದ ನೀರು): ಹಿಂಡನ್ನು ದೋಣಿಯ ಬಳಿ ಹಿಡಿದಿಡಲು ಜೀವಂತ ಎರೆಮೀನು (ಆಮಿಷದ ಪುಟ್ಟ ಮೀನು) ಎರಚಲೇಬೇಕು, ಅದನ್ನು ಲಗೂನಿನಲ್ಲೇ ಬಲೆ ಹಾಕಿ ಹಿಡಿಯುತ್ತಾರೆ. ದೋಣಿಯ ತೊಟ್ಟಿಯಲ್ಲಿ ಎರೆಮೀನು ಕಿಕ್ಕಿರಿದರೆ, ನೀರು ಹರಿಯುವ ತೂತು ಕಟ್ಟಿಕೊಂಡರೆ ಆಮ್ಲಜನಕ ಸಾಲದೆ ಸಾಯುತ್ತದೆ. ಆಗ ಮತ್ತೆ ಬಲೆ, ಮತ್ತೆ ಹವಳಕ್ಕೆ ಪೆಟ್ಟು. ಹಾಗಾಗಿ ಮೊದಲು ಎರೆಮೀನಿಗೆ ಮಿತಿ ಹಾಕಿ, ಮರಿಗಳಿರುವ ಜಾಗಗಳನ್ನು ಮುಚ್ಚಿ.

ಹವಳದಿಬ್ಬದ ಮೀನು ಹತ್ತಿರವೇ ಸಿಗುತ್ತದೆ, ಡೀಸೆಲ್ ಉಳಿಯುತ್ತದೆ. ನಷ್ಟ ನಂತರ ಕಾಣುತ್ತದೆ. ಗ್ರೂಪರ್ ಎಂಬ ಹವಳದಿಬ್ಬದ ಮೀನಿನ ಹಲವು ಜಾತಿಗಳು ಹೆಣ್ಣಾಗಿ ಬೆಳೆದು ಆಮೇಲೆ ಗಂಡಾಗುತ್ತವೆ. ದೊಡ್ಡವನ್ನೇ ಹಿಡಿದರೆ ಗಂಡುಗಳೇ ಕಡಿಮೆಯಾಗುತ್ತವೆ. ಲಕ್ಷದ್ವೀಪದ ಬಿತ್ರಾ ದ್ವೀಪದ ಬಳಿ ಗ್ರೂಪರ್‌ಗಳು ಅಮಾವಾಸ್ಯೆಯ ಆಸುಪಾಸು ಮೊಟ್ಟೆಯಿಡಲು ಗುಂಪುಗೂಡುತ್ತವೆ. ಆ ದಿನಗಳಲ್ಲಿ ಅಲ್ಲಿ ಗಾಳ ಹಾಕಿದರೆ ವರ್ಷದ ಸಂತಾನವೇ ಹೋದಂತೆ. ಹವಳದಿಬ್ಬದ ಗಿಳಿಮೀನನ್ನೂ ಹಿಡಿದು, ಪಾಚಿ ಮೇಯಲು ಅದು ಉಳಿಯದಿದ್ದರೆ 1998, 2010, 2016ರಂತೆ ಬಿಸಿನೀರಿಗೆ ಬಿಳಿಚಿದ ಹವಳದ ಮೇಲೆ ಹೊಸ ಹವಳ ನೆಲೆಯೂರುವುದು ಕಷ್ಟ.

ನಮ್ಮ ಆಯ್ಕೆ ಟ್ಯೂನಾ. ಹವಳದಿಬ್ಬದ ಮೀನು ಮನೆಯ ಸಾರಿಗಷ್ಟೇ ಇರಲಿ; ಹೊರಗಿನ ವ್ಯಾಪಾರಕ್ಕೆ ಬೇಡವೇ ಬೇಡ.